ಹಂಚಿಕೊಂಡ ಗುಳಿಗೆ

"ಅಣ್ಣಾ, ಇವರ ಕಣ್ಣು ಅರಿಶಿಣ ಆಗ್ಯಾವ. ಬಂದು ನೋಡ್ರಿ," ಎಂದು ಇಮಾಮ್‌ಬೀ ಬಾಗಿಲಲ್ಲೇ ನಿಂತು ಹೇಳಿದಾಗ ಭೀಮಶ್ಯಾ ಊಟಕ್ಕೆ ಕುಳಿತಿದ್ದ. ರೊಟ್ಟಿಯ ತುಂಡನ್ನು ತಾಟಿಗಿಟ್ಟು ಎದ್ದ. ಎದ್ದದ್ದೇ ಕೆಮ್ಮು ಬಂತು. ಅದು ನಿಲ್ಲುವವರೆಗೆ ಅವಳು ಕಾದಳು.

ಭೀಮಶ್ಯಾ ಮತ್ತು ಇಮಾಮ್‌ಬೀಯ ಗಂಡ ಅಬ್ದುಲ್ ಗನಿ ಶಹಾಬಾದಿನ ಒಂದೇ ಫರ್ಸಿ ಕಲ್ಲಿನ ಕಾರ್ಖಾನೆಯಲ್ಲಿ ಪಾಲಿಶ್ ಮಶೀನಿನ ಮುಂದೆ ವಯಸ್ಸು ಕಳೆದವರು. ಭೀಮಶ್ಯಾನ ಶ್ವಾಸಕೋಶ ಕಲೆಗಟ್ಟಿ ಬಿಗಿಯುತ್ತಿದೆ, ಗುಳಿಗೆಯಿಂದ ಅದು ವಾಸಿಯಾಗುವುದಿಲ್ಲ, ನಿಧಾನವಾಗುತ್ತದೆ ಅಷ್ಟೇ ಎಂದು ಕಲಬುರಗಿಯ ಡಾಕ್ಟರ್ ಪ್ರಮಿತಾ ಹೇಳಿದ್ದರು. ಗನಿಯ ಕೆಮ್ಮೂ ಹಾಗೆಯೇ ಕೇಳುತ್ತಿತ್ತು. ಕಲಬುರಗಿಗೆ ಬಾ ಎಂದರೆ ಅವನು ಬರುತ್ತಿರಲಿಲ್ಲ. "ಒಂದೇ ಧೂಳು ಕುಡದೀವಿ. ರೋಗ ಬ್ಯಾರೆ ಹ್ಯಾಂಗ ಆಗ್ತದ?" ಎಂದು ಭೀಮಶ್ಯಾನೇ ತನ್ನ ಗುಳಿಗೆಗಳಲ್ಲಿ ಅರ್ಧ ಅವನ ಕೈಗೆ ಹಾಕತೊಡಗಿದ್ದ. ಹೆಂಡತಿ ಪೀರಮ್ಮನಿಗೂ ಹೇಳಿರಲಿಲ್ಲ.

ಮರುದಿನ ಬೆಳಿಗ್ಗೆ ಎರಡೂ ಮನೆಯ ಗಂಡ ಹೆಂಡಿರು ನಾಲ್ವರೂ ಕಲಬುರಗಿಯ ರೈಲು ಹತ್ತಿದರು. ಸ್ಟೇಷನ್ನಿನ ಮೆಟ್ಟಿಲಲ್ಲಿ ಭೀಮಶ್ಯಾ ದಮ್ಮು ಹತ್ತಿ ನಡುವೆಯೇ ನಿಂತುಬಿಟ್ಟ. ಹೋದ ಬೇಸಗೆಯಲ್ಲಿ ಹೀಗೆ ನಿಲ್ಲಬೇಕಾಗಿರಲಿಲ್ಲ.

ಡಾಕ್ಟರು ಗನಿಯ ಕಣ್ಣು ನೋಡಿದರು, ಹೊಟ್ಟೆ ಒತ್ತಿ ನೋಡಿದರು. "ಏನೇನು ಔಷಧ ತೊಗೋತೀರಿ?"

"ಏನೂ ಇಲ್ಲರೀ," ಎಂದ ಗನಿ. ಹೇಳಬೇಡ ಎಂಬಂತೆ ಭೀಮಶ್ಯಾನ ಕಡೆ ನೋಡಿದ.

ಭೀಮಶ್ಯಾ ನೆಲ ನೋಡಿದ. ಹೇಳಿದರೆ ತನ್ನ ಗುಳಿಗೆಯನ್ನೂ ನಿಲ್ಲಿಸಿಬಿಟ್ಟಾರು ಎಂಬ ಅಂಜಿಕೆ. ಆಮೇಲೆ, "ನನ್ನ ಗುಳಿಗಿ ನಾನೇ ಕೊಡಾಕತ್ತಿದ್ದೆನ್ರಿ ಮೇಡಂ," ಎಂದ.

ಪೀರಮ್ಮ ಗಂಡನತ್ತ ತಿರುಗಿದಳು. ಡಾಕ್ಟರು ಬೈಯಲಿಲ್ಲ. "ಬ್ಯಾರೆ ಏನರೆ ಐತೇನು? ಈಗ ಮುಚ್ಚಿಟ್ರ ಜೀವಕ್ಕ ಬರ್ತದ," ಎಂದು ಮತ್ತೆ ಗನಿಯನ್ನೇ ಕೇಳಿದರು.

ಗನಿ ಮುಖವನ್ನು ಗೋಡೆಯತ್ತ ತಿರುಗಿಸಿದ. "ಟಿಬಿ ಗುಳಿಗಿ ಅದಾವ್ರಿ. ಸರ್ಕಾರಿ ದವಾಖಾನಿದು."

ಇಮಾಮ್‌ಬೀ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

"ನನಗರೆ ಹೇಳಬಾರದೇನೋ?" ಎಂದ ಭೀಮಶ್ಯಾ.

"ಹೇಳಿದ್ರ ಮನಿಗೆ ಯಾರ ಬರ್ತಾರ? ನೀ ಕೊಟ್ಟಾಗ ಬ್ಯಾಡ ಅಂದಿದ್ರ, ಯಾಕಂತ ಕೇಳ್ತಿದ್ದಿ." ಗನಿ ತಲೆ ಎತ್ತಲಿಲ್ಲ. "ನಿನ್ನ ರೋಗಾನ ನನಗೂ ಅಂತ ಮಂದಿ ತಿಳಕೊಂಡ್ರ ಚಲೋನ ಅನಸ್ತು."

ಎರಡೂ ಔಷಧಗಳ ಭಾರ ಲಿವರಿನ ಮೇಲೆ ಬಿದ್ದಿದೆ ಎಂದರು ಡಾಕ್ಟರು. ಗನಿಯನ್ನು ಅಂದೇ ದಾಖಲು ಮಾಡಿಕೊಂಡರು. ಭೀಮಶ್ಯಾನಿಗೂ ಪರೀಕ್ಷೆಗೆ ರಕ್ತ ಕೊಡಲು ಹೇಳಿದರು. "ಈ ಗುಳಿಗಿ ತೊಗೊಳ್ಳೋರು ಆಗಾಗ ಲಿವರ್ ತಪಾಸಣಿ ಮಾಡಿಸಲೇಬೇಕು. ನೀವು ಬಂದೇ ಇಲ್ಲ. ಬಿಟ್ಟಿದ್ದನ್ನ ತುಂಬಿಸಾಕ ಒಮ್ಮೆಲೆ ಹೆಚ್ಚಿಗಿ ನುಂಗಬ್ಯಾಡ್ರಿ. ರಿಪೋರ್ಟ್ ನೋಡಿ ಎಷ್ಟಂತ ಹೇಳ್ತೀನಿ. ಊಟದ ಜೋಡಿನೇ ತೊಗೋರಿ."

"ಅರ್ಧ ತೊಗೊಂಡಿದ್ದಕ್ಕ ದಮ್ಮು ಹೆಚ್ಚಾಗ್ಯಾದೇನ್ರಿ?" ಎಂದು ಪೀರಮ್ಮ ಕೇಳಿದಳು.

"ಹೌದಂತ ಖಾತ್ರಿಲೆ ಹೇಳಾಕ ಬರಂಗಿಲ್ಲ. ಅಲ್ಲ ಅಂತನೂ ಹೇಳಲಾರೆ."

ಆಸ್ಪತ್ರೆಯಲ್ಲಿ ಎಲ್ಲ ಔಷಧ ನಿಲ್ಲಿಸಿದ ಮೇಲೆ ಗನಿಯ ಕಣ್ಣು ನಿಧಾನವಾಗಿ ತಿಳಿಯಾಯಿತು. ಟಿಬಿಯ ಗುಳಿಗೆಗಳನ್ನು ಒಂದೊಂದಾಗಿ ಮತ್ತೆ ಶುರು ಮಾಡಿದರು. ಭೀಮಶ್ಯಾನ ದಮ್ಮು ಮಾತ್ರ ಮೊದಲಿನಷ್ಟಕ್ಕೆ ಮರಳಲಿಲ್ಲ.

ಟಿಬಿ ಇನ್ನು ಹರಡುವುದಿಲ್ಲ ಎಂದು ಡಾಕ್ಟರು ಹೇಳಿದ ಮೇಲೆ ಭೀಮಶ್ಯಾ ಗನಿಯ ಮನೆಯತ್ತ ಹೋದ. ಬಿಸಿಲು ಬಿದ್ದರೆ ಚರ್ಮ ಸುಡುವಂತೆ ಮಾಡುವ ಗುಳಿಗೆ ಅವನದು. ತುಂಬು ತೋಳಿನ ಅಂಗಿ ತೊಟ್ಟು, ತಲೆಗೆ ಟವೆಲ್ ಸುತ್ತಿಕೊಂಡು ಬಂದಿದ್ದ. ಗನಿ ಅಂಗಳದ ಎಳೆ ಬೇವಿನ ಕೆಳಗೆ ಕುಳಿತಿದ್ದ. ಮಧ್ಯಾಹ್ನದ ನೆರಳು ಒಬ್ಬರಿಗೆ ಸಾಲುವಷ್ಟೇ ಇತ್ತು. ಗನಿ ಎದ್ದು, ತನ್ನ ಖುರ್ಚಿಯನ್ನು ಅಲ್ಲೇ ಬಿಟ್ಟು, ಬಿಸಿಲಿನಲ್ಲಿದ್ದ ಫರ್ಸಿಯ ಮೇಲೆ ಹೋಗಿ ಕುಳಿತ.