ಬಂಡೆಗೆ ಹಚ್ಚಿದ ಕುಂಕುಮ

ಆವನಿ ಬೆಟ್ಟದ ಬೆನ್ನಿಗಿರುವ ಊರಿನಾಚೆ ಒಂದು ಬೋಳು ಬಂಡೆ. ಅದರ ನೆತ್ತಿಯಲ್ಲಿ, ಇಂದು ಬಿದ್ದೇನು ನಾಳೆ ಬಿದ್ದೇನು ಅನ್ನುವಂತೆ ಒಂದು ಗುಂಡುಕಲ್ಲು. ಅದು ವನವಾಸದಲ್ಲಿ ಸೀತಮ್ಮ ಸಾಕಿದ ಕೋಳಿಯೇ ಅಂತೆ. ಮರಿಗಳ ಮೇಲೆ ಹದ್ದು ಎರಗಿದಾಗ ರೆಕ್ಕೆ ಹರಡಿ ಕೂತದ್ದು ಮತ್ತೆ ಎದ್ದೇ ಇಲ್ಲವಂತೆ. ಆ ಕೋಳಿಗುಂಡಿನ ಕೆಳಗಿನ ಹಾಸುಬಂಡೆಯೇ ಮುತ್ಯಾಲಮ್ಮನ ಮನೆಯವರ ಕಣ. ಅತ್ತೆಯ ಕಾಲದಿಂದ ರಾಗಿ ತುಳಿಸುತ್ತಿದ್ದುದು ಅಲ್ಲೇ. ಒಂದು ಕಾಳಿಗೂ ಮಣ್ಣು ಸೋಕುತ್ತಿರಲಿಲ್ಲ.

ಗಂಡ ಸತ್ತ ಮರುವರ್ಷವೇ ಬಂಡೆಯಿಂದ ಹೊಗೆ ಎದ್ದಿತು. ಓಡಿಹೋಗಿ ನೋಡಿದರೆ ಮೈದುನ ಚನ್ನರಾಯಪ್ಪ ಸೌದೆ ಪೇರಿಸಿ ಉರಿ ಹಾಕಿಸುತ್ತಿದ್ದ. ಮಾಲೂರಿನ ಇಟ್ಟಿಗೆಗೂಡಿನಲ್ಲಿ ಮೇಸ್ತ್ರಿಯಾಗಿದ್ದವನಿಗೆ ಈಗ ಚಪ್ಪಡಿ ಹೊದಿಸಿದ ಮನೆ ಬೇಕಾಗಿತ್ತು. ತನ್ನ ಮಣ್ಣಿನ ಕಣದಲ್ಲೇ ಪಾಯ ತೆಗೆಸಿದ್ದ. ಬಂಡೆ ಕಾದು ಪದರ ಬಿಟ್ಟಂತೆಲ್ಲ ಕಲ್ಲೊಡೆಯುವ ಕದಿರಪ್ಪ ಹಾರೆ ಹಾಕಿ ಚಪ್ಪಡಿ ಎಬ್ಬಿಸುತ್ತಿದ್ದ.

“ಚನ್ನರಾಯ, ನಮ್ಮ ಕಣ ಕಣೋ ಇದು. ರಾಗಿ ಎಲ್ಲಿ ತುಳಿಸ್ಲಿ?”

“ಗಂಡಸಿಲ್ಲದ ಮನೆಗೆ ಕಣ ಯಾಕತ್ತಿಗೆ? ಮೊರದಲ್ಲಿ ಕೇರ್ಕೊಂಡ್ರೆ ಸಾಕಾಗಲ್ವಾ?”

ಕೂಲಿಯವರು ನಕ್ಕರು. ಆ ನಗು ಮುತ್ಯಾಲಮ್ಮನ ಹೊಟ್ಟೆಯಲ್ಲಿ ಸುಣ್ಣದ ಕಲ್ಲಿನಂತೆ ಕೂತಿತು. ನೀರು ಕುಡಿದರೆ ಇನ್ನಷ್ಟು ಕುದಿಯುತ್ತಿತ್ತು.

ಮಾರನೆಯ ಮಧ್ಯಾಹ್ನ ಕಲ್ಲಿನವರು ಮುದ್ದೆ ಉಣ್ಣಲು ಹುಣಸೆಮರದಡಿ ಹೋದಾಗ ಅವಳು ಬಂಡೆ ಹತ್ತಿದಳು. ಅಂಗಾಲು ಚುರ್ರೆಂದಿತು. ಸೆರಗಿನೊಳಗೆ ಮದುವೆಯ ಕಾಲದ ಕುಂಕುಮದ ಭರಣಿ. ತನ್ನ ಹಣೆಯಿಂದ ಊರು ಒರೆಸಿಹಾಕಿದ್ದ ಕುಂಕುಮವನ್ನು ಅಂಗೈತುಂಬ ತೆಗೆದು ಗುಂಡಿಗೂ ಹಾಸುಬಂಡೆಗೂ ಬಳಿದಳು. ಅರಿಸಿನ ಚೆಲ್ಲಿ, ನಾಲ್ಕು ಕಣಗಿಲೆ ಹೂವಿಟ್ಟು, “ಅವನ ಮನೆಗೆ ಮಾತ್ರ ಸೂರಾಗಬೇಡ” ಎಂದು ಹೇಳಿ ಇಳಿದಳು. ಕತ್ತಾಳೆ ಬೇಲಿಯ ಹಿಂದೆ ಕೂತು ಕಾದಳು.

ಮೊದಲು ಬಂದ ಕದಿರಪ್ಪ ತಲೆಯ ವಸ್ತ್ರ ಬಿಚ್ಚಿ ಕೈಮುಗಿದ. “ತಪ್ಪಾಯ್ತು ತಲ್ಲೀ, ತಾಯೀ.”

“ಲೇ ಕದಿರಾ, ಯಾರೋ ಹಚ್ಚಿಟ್ಟಿದ್ದಾರೆ ಕಣೋ. ಹೊಡಿ ನೀನು,” ಅಂದ ಚನ್ನರಾಯಪ್ಪ.

“ಎಲ್ಲಾ ದೇವ್ರಿಗೂ ಯಾರೋ ಹಚ್ಚಿದ್ದೇ ಅಲ್ವೇನಣ್ಣ? ನಾನಂತೂ ಉಳಿ ಇಡಲ್ಲ. ತಕೋ, ನೀನೇ ಇಡು.”

ಚನ್ನರಾಯಪ್ಪ ಸುತ್ತಿಗೆ ಎತ್ತಿದ. ಗುಂಡನ್ನು ನೋಡಿದ. ಮೆಲ್ಲಗೆ ಕೆಳಗಿಟ್ಟ.

ಎಬ್ಬಿಸಿದ್ದ ಚಪ್ಪಡಿಗಳೂ ಅವನಿಗೆ ದಕ್ಕಲಿಲ್ಲ. “ದೇವಿ ಮೈಯನ್ನ ಹೊದ್ಕೊಂಡು ಮಲಗ್ತೀರಾ? ನಾನು ಆ ಮನೆಗೆ ಕಾಲಿಡಲ್ಲ,” ಎಂದು ಹೆಂಡತಿ ಭಾರತಮ್ಮ ಪಟ್ಟು ಹಿಡಿದಳು. ಅವನ ಕೈಯಿಂದಲೇ ಆ ಚಪ್ಪಡಿಗಳಲ್ಲಿ ದೇವಿಗೆ ಗುಡಿ ಕಟ್ಟಿಸಿದಳು. ಅವನು ಬೆವರುವುದನ್ನು ನೋಡಲೆಂದೇ ಮುತ್ಯಾಲಮ್ಮ ಬರೀ ಬಿಂದಿಗೆ ಹೊತ್ತು ಆ ದಾರಿಯಲ್ಲಿ ಸುಳಿದಾಡಿದಳು.

ರಾಗಿ ಕೊಯ್ಲಿಗೆ ಬಂತು. ಮುತ್ಯಾಲಮ್ಮ ತೆನೆಹೊರೆ ಹೊತ್ತು, ಎತ್ತು ಹೊಡೆದುಕೊಂಡು ಬಂಡೆಗೆ ಹೋದರೆ ಭಾರತಮ್ಮ ಅಡ್ಡ ನಿಂತಳು.

“ಅಕ್ಕ, ದೇವಿ ಮೇಲೆ ದನ ತುಳಿಸ್ತೀಯಾ?”

ಸೇಡಿನ ಭರದಲ್ಲಿ ಇದೊಂದು ಮುತ್ಯಾಲಮ್ಮನಿಗೆ ಹೊಳೆದೇ ಇರಲಿಲ್ಲ. ತಾನೇ ಹಚ್ಚಿದ್ದೆಂದರೆ ನಾಳೆಯೇ ಬಂಡೆಗೆ ಉರಿ ಬೀಳುತ್ತದೆ. ಹೊರೆಯನ್ನು ತಲೆಯಿಂದ ಇಳಿಸದೆ ಹಾಗೇ ತಿರುಗಿದಳು.

ಮರುದಿನ ಟಾರು ರಸ್ತೆಯಲ್ಲಿ, ಬಸ್ಸಿನ ಚಕ್ರಕ್ಕೆ ಸಿಗುವಂತೆ ತೆನೆ ಹರಡಿದಳು. ತನ್ನ ಕಣವನ್ನು ಪಾಯಕ್ಕೆ ಅಗೆಸಿ ಕೂತಿದ್ದ ಚನ್ನರಾಯಪ್ಪನೂ ಅದೇ ಕೆಲಸಕ್ಕೆ ಗಾಡಿ ಹೇರಿಕೊಂಡು ಬಂದ.

“ಅತ್ತಿಗೆ, ನೀನೇ ಹಚ್ಚಿದ್ದಲ್ವಾ?”

“ಹೌದು. ಹೋಗಿ ನಿನ್ನ ಹೆಂಡ್ತಿಗೆ ಹೇಳು, ನಂಬ್ತಾಳಾ ನೋಡೋಣ.”

“ಹೇಳಿದೆ. ದೇವಿನೇ ನಿನ್ನ ಮೈಮೇಲೆ ಬಂದು ಹಚ್ಚಿಸಿದ್ಲಂತೆ.”

ಮುತ್ಯಾಲಮ್ಮ ತುಟಿ ಕಚ್ಚಿ ನಗು ನುಂಗಿದಳು. ಉಂಡಷ್ಟು ಸುಖವಾಯಿತು. ಈ ರಾಗಿಯಲ್ಲಿ ವರ್ಷವಿಡೀ ಕಲ್ಲು ಆರಿಸಬೇಕು, ಆರಿಸಿದರಾಯಿತು.

ಮುಳಬಾಗಿಲಿನ ಬಸ್ಸು ಧೂಳೆಬ್ಬಿಸಿಕೊಂಡು ಬಂತು. ನಡುರಸ್ತೆಯನ್ನೆಲ್ಲ ಅವಳೇ ಹಿಡಿದಿದ್ದಳು. ಚಕ್ರಗಳು ಅವಳ ತೆನೆಯ ಮೇಲೆ ಹರಿದು ಹೋದವು. ಅಂಚಿನಲ್ಲಿದ್ದ ಅವನ ತೆನೆ ಅಲುಗಲೂ ಇಲ್ಲ.

“ಸ್ವಲ್ಪ ಜರುಗು ಅತ್ತಿಗೆ,” ಅಂದ ಅವನು, ಕೆಮ್ಮುತ್ತ.

“ಮುಂದಿನ ಬಸ್ಸು ಸಾಯಂಕಾಲಕ್ಕೆ,” ಎಂದು ಮುತ್ಯಾಲಮ್ಮ ತನ್ನ ತೆನೆಯನ್ನು ಇನ್ನಷ್ಟು ಅಗಲಕ್ಕೆ ಹರಡಿದಳು.