ಮೂರನೇ ಮಹಡಿಯ ಮೇಕೆ

"ಹಗುರ ಇದ್ದಾಳೆ ಅಲ್ವೇನೋ? ತಟ್ಟೆಗೆ ಹಾಕಿದ್ರೆ ತಾನೆ ತೂಕ ಬರೋದು. ಹೆತ್ತವಳನ್ನ ಒಣಗಿಸಿ ಸಾಯಿಸಿದೀಯ ನೀನು."

ಬೇಕರಿ ದೊಡ್ಡಪ್ಪ ಈ ಮಾತು ಹೇಳಿದಾಗ ಮಗನ ಎರಡೂ ಕೈಗಳ ಮೇಲೆ ಅಮ್ಮ ಇದ್ದಳು. ಎರಡನೇ ಮಹಡಿಯ ತಿರುವಿನಲ್ಲಿ ಸ್ಟ್ರೆಚರ್ ತಿರುಗಿರಲಿಲ್ಲ. ನಾಲ್ಕು ಜನ ಅತ್ತ ಎತ್ತಿ ಇತ್ತ ಇಳಿಸಿ ಗೋಡೆಯ ಸುಣ್ಣ ಕೆರೆದದ್ದಷ್ಟೇ ಆಯಿತು. ಕೊನೆಗೆ ಅವನು, "ಬಿಡ್ರಿ ಎಲ್ಲ" ಎಂದು, ಹೊದಿಕೆ ಸುತ್ತಿದ್ದ ಅಮ್ಮನನ್ನು ತಾನೇ ಎತ್ತಿಕೊಂಡು ಇಳಿಯುತ್ತಿದ್ದ. ಪ್ರತಿ ಮಹಡಿಯ ಬಾಗಿಲಲ್ಲೂ ಜನ ನಿಂತಿದ್ದರು. ಎಲ್ಲರಿಗೂ ಕೇಳಿಸಿತು. ದೊಡ್ಡಪ್ಪನಿಗೆ ಬೇಕಾಗಿದ್ದೂ ಅದೇ.

ಅವನು ಹತ್ತು ವರ್ಷದಿಂದ ಗ್ಯಾಸ್ ಸಿಲಿಂಡರ್ ಹೊರುವವನು. ತುಂಬಿದ ಸಿಲಿಂಡರ್ ಹತ್ತಿರ ಹತ್ತಿರ ಮೂವತ್ತು ಕಿಲೋ. ಯಾವ ತೂಕ ಎಷ್ಟು ಎಂದು ಅವನ ಹೆಗಲಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅಮ್ಮ ಒಂದೂಮುಕ್ಕಾಲು ಸಿಲಿಂಡರ್ ಇದ್ದಳು. ಹಗುರ ಇರಲಿಲ್ಲ. ಹೋದ ವಾರದವರೆಗೂ ಇದೇ ಮೆಟ್ಟಿಲನ್ನು ದಿನಕ್ಕೆ ಎರಡು ಸಲ, ಒಂದು ಕೈಯಲ್ಲಿ ಚೀಲ ಹಿಡಿದು, ಏದುಸಿರಿಲ್ಲದೆ ಹತ್ತಿದವಳು. ಐದು ದಿನದ ಹಿಂದೆ ಎದೆ ಹಿಡಿದುಕೊಂಡಿತು. ನಾಲ್ಕು ದಿನ ಆಸ್ಪತ್ರೆ. ನಿನ್ನೆ ಬೆಳಗ್ಗೆ ಮನೆಗೆ ಕಳಿಸಿದರು. ಮಧ್ಯಾಹ್ನ ಎರಡನೇ ಸಲ ಹಿಡಿದುಕೊಂಡಾಗ ಬಿಡಲಿಲ್ಲ.

ಇದನ್ನೆಲ್ಲ ಹೇಳಬಹುದಿತ್ತು. ಒಂದೊಂದೇ ಮೆಟ್ಟಿಲನ್ನು ಕಾಲಲ್ಲಿ ತಡವಿಕೊಂಡು ಇಳಿದ.

ಸ್ಮಶಾನಕ್ಕೆ ಒಯ್ಯುವ ವ್ಯಾನು ಇನ್ನೂ ಬಂದಿರಲಿಲ್ಲ. ನೆಲಮಹಡಿಯ ದರ್ಜಿ ತನ್ನ ಬಟ್ಟೆ ಕತ್ತರಿಸುವ ಮೇಜಿನ ಮೇಲಿದ್ದ ಕತ್ತರಿ, ಸೀಮೆಸುಣ್ಣ, ಯಾರದೋ ಅರೆಹೊಲಿದ ಪ್ಯಾಂಟು ಎಲ್ಲವನ್ನೂ ಒಂದೇ ಸಲಕ್ಕೆ ಬಾಚಿ ಕೆಳಗಿಟ್ಟ.

"ಇಲ್ಲಿ ಮಲಗಿಸಪ್ಪ. ನೆಲದ ಮೇಲೆ ಬೇಡ."

ಮಲಗಿಸಿದ. ಮಲಗಿಸಿದ ಮೇಲೆ ಕೈಗಳನ್ನು ಏನು ಮಾಡಬೇಕೆಂದು ತಿಳಿಯಲಿಲ್ಲ. ಬಾಗಿಲಿಗೆ ಹೋದ, ಬಂದ. ಮತ್ತೆ ಹೋಗಿ ರಸ್ತೆ ನೋಡಿದ, ಬಂದ.

"ಕೂತ್ಕೊಳೋ," ಎಂದ ದರ್ಜಿ. "ನೀನು ಓಡಾಡಿದ್ರೆ ವ್ಯಾನು ಬೇಗ ಬರುತ್ತಾ?"

"ಕೂರಕ್ಕೆ ಮುಖ ಬೇಕಲ್ಲ," ಎಂದ ದೊಡ್ಡಪ್ಪ, ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು.

"ಹಾಗನ್ಬೇಡಿ ಯಜಮಾನ್ರೇ. ಊಟ ಬಲ್ಲವನಿಗೆ ರೋಗವಿಲ್ಲ ಅಂತಾರೆ. ಆ ಯಮ್ಮ ಒಂದು ದಿನ ಜ್ವರ ಅಂತ ಮಲಗಿದ್ದು ನಾನು ನೋಡಿಲ್ಲ."

"ಮತ್ತೆ ಈಗ ಮಲಗಿದಾಳಲ್ಲ, ಏನು, ನಾಟಕಾನಾ?"

ದರ್ಜಿ ಕೆಳಗಿಟ್ಟಿದ್ದ ಪ್ಯಾಂಟನ್ನು ಎತ್ತಿ ಮಡಿಸತೊಡಗಿದ. ಅವನಿಗೂ ದೊಡ್ಡಪ್ಪನ ಅಂಗಡಿಯ ಸಮವಸ್ತ್ರ ಹೊಲಿಯುವ ಕೆಲಸ ಬೇಕಿತ್ತು.

*

ಅಪ್ಪ ಸತ್ತಾಗ ಅವನಿಗೆ ಆರು ವರ್ಷ. ದೊಡ್ಡಪ್ಪ ಪ್ರತಿ ಶನಿವಾರ ಸಂಜೆ ಮಾರಾಟವಾಗದ ಬನ್ನುಗಳನ್ನು ಕವರಿನಲ್ಲಿ ಹಾಕಿ ಕಳಿಸುತ್ತಿದ್ದ. ಗಟ್ಟಿ ಬನ್ನು. ಹಾಲಿದ್ದರೆ ಅದ್ದಿ ತಿನ್ನಬಹುದಿತ್ತು. ಹಾಲಿರಲಿಲ್ಲ.

ನಾಲ್ಕು ತಿಂಗಳಾದ ಮೇಲೆ ನೆಂಟರ ಮದುವೆಯಲ್ಲಿ, ಎಲ್ಲರೂ ಊಟಕ್ಕೆ ಕೂತಿದ್ದಾಗ, ದೊಡ್ಡಪ್ಪ ಹುಡುಗನ ಕೆನ್ನೆ ಹಿಂಡಿ ಸುತ್ತ ನೋಡಿದ. "ನೋಡಿ ಹೆಂಗಿದಾನೆ. ನಮ್ಮ ಬನ್ನು. ಇಲ್ದಿದ್ರೆ ಇವನೂ ಅವರಪ್ಪನ ದಾರೀನೇ."

ಮುಂದಿನ ಶನಿವಾರ ಅಮ್ಮ ಕವರನ್ನು ಬಿಚ್ಚದೆ ವಾಪಸು ಕಳಿಸಿದಳು. "ಅವರ ಬನ್ನು ಒಂದು ಗಳಿಗೆ ಹೊಟ್ಟೇಲಿರುತ್ತೆ. ಮಾತು ಸಾಯೋವರೆಗೂ ತಲೇಲಿರುತ್ತೆ," ಎಂದಳು.

ಅವಳಿಗೆ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸ. ಮಡಿಸಿದ ಹೊದಿಕೆಗಳನ್ನು ವಾರ್ಡಿಗೆ ಒಯ್ಯುವ ದಾರಿಯಲ್ಲಿ ಗೋಡೆಗೆ ಒಂದು ಚಿತ್ರ ಅಂಟಿಸಿದ್ದರು: ಯಾವ ತರಕಾರಿಯಲ್ಲಿ ಏನಿದೆ, ಯಾವುದರಿಂದ ರಕ್ತ, ಯಾವುದರಿಂದ ಮೂಳೆ. ದಿನಾ ಅದರ ಮುಂದೆ ನಿಲ್ಲುವವಳನ್ನು ನೋಡಿ ಒಬ್ಬ ನರ್ಸು ಏನಮ್ಮಾ ಎಂದಳು. ಅಮ್ಮ ಕೇಳಿದ್ದು ಒಂದೇ ಪ್ರಶ್ನೆ. "ಮೇಡಂ, ಬೀಟ್‌ರೂಟಲ್ಲಿ ರಕ್ತ ಆಗೋದು ಗಡ್ಡೇಲಿರುತ್ತಾ, ಎಲೇಲಿರುತ್ತಾ?"

"ಎಲೇಲೇ ಜಾಸ್ತಿ ಕಣಮ್ಮ. ಜನಕ್ಕೆ ಗೊತ್ತಿಲ್ಲ, ಕಿತ್ತು ಬಿಸಾಕ್ತಾರೆ. ಮೇಲೆ ಸ್ವಲ್ಪ ನಿಂಬೆಹಣ್ಣು ಹಿಂಡಿದ್ರೆ ಇನ್ನೂ ಒಳ್ಳೇದು."

ಬಿಸಾಕ್ತಾರೆ ಎಂಬ ಮಾತನ್ನು ಅಮ್ಮ ಹಿಡಿದುಕೊಂಡಳು. ಸಂಜೆ ಮಾರುಕಟ್ಟೆ ಮುಚ್ಚುವ ಹೊತ್ತಿಗೆ ಮಗನ ಕೈ ಹಿಡಿದು ಹೋದಳು. ಸೊಪ್ಪಿನಜ್ಜಿಯ ಅಂಗಡಿಯ ಪಕ್ಕ ಬೀಟ್‌ರೂಟಿನ ಎಲೆ, ಮೂಲಂಗಿಯ ತಲೆ, ಹೂಕೋಸಿನ ಹೊರಗವಚ ಮೊಣಕಾಲೆತ್ತರ ಬಿದ್ದಿತ್ತು. ಆಗ ಆಕೆ ಅಜ್ಜಿಯಲ್ಲ, ಗಟ್ಟಿ ಗಂಟಲಿನ ನಡುವಯಸ್ಸಿನವಳು.

ಅಮ್ಮ ಅಲ್ಲಿ ನಿಂತಳು. ಒಂದು ಎಲೆ ಎತ್ತಿ ಹಿಂದೆ ಮುಂದೆ ತಿರುಗಿಸಿ ನೋಡಿದಳು. ಆಮೇಲೆ, "ಅಕ್ಕಾ, ಇದನ್ನ ತಗೊಳ್ಳಲಾ? ಮೇಕೆಗೆ," ಎಂದಳು.

ಅವರ ಮನೆಯಲ್ಲಿ ಮೇಕೆ ಇರಲಿಲ್ಲ. ಮೂರನೇ ಮಹಡಿಯ ಒಂದು ಕೋಣೆಯಲ್ಲಿ ಅವರಿಬ್ಬರು ಕಾಲು ಚಾಚುವುದೇ ಕಷ್ಟವಿತ್ತು.

"ತಗೊಳವ್ವ, ನಾಳೆ ಕಸದ ಗಾಡಿಗೆ ಹಾಕೋದು ತಪ್ಪುತ್ತೆ," ಎಂದಳು ಸೊಪ್ಪಿನವಳು. ಮತ್ತೆ ಹುಡುಗನ ಕಡೆ ಬಗ್ಗಿ, "ಎಂಥದಪ್ಪ ನಿಮ್ಮ ಮೇಕೆ?"

ಅವನು ಅಮ್ಮನ ಮುಖ ನೋಡಿದ. ಅಲ್ಲೇನೂ ಸಿಗಲಿಲ್ಲ. "ಕಂದು ಬಣ್ಣ," ಎಂದ. "ಮುಂದಿನ ಎರಡು ಹಲ್ಲು ಬಿದ್ದಿವೆ. ಕೋಸಿನ ದಂಟು ಅಂದ್ರೆ ಆಗಲ್ಲ ಅದಕ್ಕೆ."

ಸೊಪ್ಪಿನವಳು ಅವನ ಬಾಯಿಯನ್ನೇ ಒಂದು ಗಳಿಗೆ ನೋಡಿದಳು. ಅವನ ಮುಂದಿನ ಎರಡು ಹಲ್ಲು ಹೋದ ವಾರ ಬಿದ್ದಿದ್ದವು. "ಆಡು ಮುಟ್ಟದ ಸೊಪ್ಪಿಲ್ಲ ಅಂತಾರೆ," ಎಂದು ನಕ್ಕಳು, "ನಿಮ್ಮದು ಆಯ್ದು ತಿನ್ನೋ ಜಾತಿ ಅನ್ಸುತ್ತೆ." ದಂಟುಗಳನ್ನು ತೆಗೆದು ಎಳೆಯ ಎಲೆ ತುಂಬಿ ಕಟ್ಟಿಕೊಟ್ಟಳು.

ದಾರಿಯಲ್ಲಿ ಅಮ್ಮ, "ಹಲ್ಲಿನ ವಿಷಯ ಯಾವನು ಕೇಳಿದ್ದ ನಿನ್ನ?" ಎಂದು ಗದರಿ, ಮುಖ ಆಚೆ ತಿರುಗಿಸಿಕೊಂಡಳು. ಅವಳ ಭುಜ ನಗುವಿಗೆ ಅಲ್ಲಾಡುತ್ತಿತ್ತು.

*

ಸ್ಮಶಾನದ ಕೆಲಸ ಹನ್ನೊಂದಕ್ಕೆ ಮುಗಿಯಿತು. ಬಂದವರು ದರ್ಜಿಯ ಅಂಗಡಿಯ ಮುಂದೆ ಕುರ್ಚಿ ಹಾಕಿಕೊಂಡು ಟೀ ಕುಡಿಯುತ್ತಿದ್ದರು. ಅವನು ಮಾತ್ರ ಖಾಲಿ ಮೇಜಿನ ಸುತ್ತ ಸುತ್ತುತ್ತಿದ್ದ. ಸೀಮೆಸುಣ್ಣ ಎತ್ತಿ ಮೇಜಿನ ಮೇಲಿಟ್ಟ. ಕತ್ತರಿ ಇಟ್ಟ. ಮತ್ತೆ ಅವನ್ನೇ ಕೆಳಗಿಟ್ಟ.

ಕೋಣೆ ತೊಳೆಯುತ್ತೇನೆಂದು ಮೇಲೆ ಹೋಗಿದ್ದ ದೊಡ್ಡಮ್ಮ ತೊಳೆಯದೆಯೇ ಇಳಿದು ಬಂದಳು. ಸೆರಗಿನಲ್ಲಿ ಮೂರು ಡಬ್ಬಿ.

"ನೋಡಿ ಇಲ್ಲಿ, ಇದು ಅಡುಗೆಮನೇನಾ? ಇದರಲ್ಲಿ ಕುಂಬಳದ ಬೀಜ. ಇದರಲ್ಲಿ ನುಚ್ಚಕ್ಕಿ. ಇದೇನೋ ಹಸಿರು ಪುಡಿ, ಒಣಗಿದ ಎಲೆ ಇದ್ದ ಹಾಗಿದೆ. ಹಕ್ಕಿಗೆ ಹಾಕ್ತಿದ್ಲಾ ಏನು ಕತೆ?"

"ನಾನು ಹೇಳಲಿಲ್ವಾ?" ದೊಡ್ಡಪ್ಪ ಟೀ ಲೋಟ ಕೆಳಗಿಟ್ಟ. "ಹೊಟ್ಟೆಗಿಲ್ಲದೆ ಸತ್ತಿದಾಳೆ. ನಾನು ಬನ್ನು ಕಳಿಸಿದ್ರೆ ವಾಪಸ್ ಕಳಿಸ್ತಿದ್ಲು. ಸೊಕ್ಕು. ಇವನು ದುಡಿಯೋಕೆ ನಿಂತು ಹತ್ತು ವರ್ಷ ಆಯ್ತು. ತಾಯಿಗೆ ಒಂದು ಹಿಡಿ ನೆಟ್ಟಗೆ ಹಾಕಲಿಲ್ಲ."

ಅವನಿಗೆ ಹೇಳಲು ಬೇಕಾದಷ್ಟಿತ್ತು. ನಾಲ್ಕನೇ ಕ್ಲಾಸಿನಲ್ಲಿ ಶಾಲೆಗೆ ಡಾಕ್ಟರು ಬಂದು ಎಲ್ಲರ ಬೆರಳು ಚುಚ್ಚಿ ರಕ್ತ ನೋಡಿದ್ದರು. ಅವನದನ್ನು ಎರಡು ಸಲ ನೋಡಿ, "ಇಷ್ಟು ಒಳ್ಳೆ ರಕ್ತ! ನಿಮ್ಮಮ್ಮ ಏನು ಕೊಡ್ತಾರೋ ನಿನಗೆ?" ಎಂದಿದ್ದರು. ಅದೇ ಸಾಲಿನಲ್ಲಿ ಅವನ ಹಿಂದೆ ನಿಂತಿದ್ದವನು ದೊಡ್ಡಪ್ಪನ ಮಗ. ಆ ಹುಡುಗನಿಗೆ ರಕ್ತ ಸಾಲದೆಂದು ಮೂರು ತಿಂಗಳ ಟಾನಿಕ್ ಬರೆದುಕೊಟ್ಟರು. ಹೇಳಿದರೆ ದೊಡ್ಡಪ್ಪನ ಬಾಯಿ ಅಲ್ಲೇ ಮುಚ್ಚುತ್ತಿತ್ತು. ಆದರೆ ಮುಂದಿನ ಪ್ರಶ್ನೆ ಬಂದೇ ಬರುತ್ತಿತ್ತು. ಏನು ತಿಂದಿರಿ? ಎಲ್ಲಿಂದ ತಂದಿರಿ? ಯಾರನ್ನ ಕೇಳಿ ತಂದಿರಿ?

*

ಹದಿನಾರು ವರ್ಷಕ್ಕೆ ಓದು ಬಿಟ್ಟು ಸಿಲಿಂಡರ್ ಹೊತ್ತ ಮೊದಲ ವಾರ ಅವನು ತಟ್ಟೆಯನ್ನು ತಳ್ಳಿದ್ದ. "ನಾವೇನು ಮೇಕೆಗಳಾ? ನಾನೀಗ ದುಡೀತೀನಿ. ಇನ್ನು ಮಾರ್ಕೆಟ್ಟಲ್ಲಿ ಬಗ್ಗಿ ಆಯೋದು ಬೇಡ."

ಅಮ್ಮ ಜಗಳ ಆಡಲಿಲ್ಲ. ಅವನ ಸಂಬಳದಲ್ಲಿ ಅರ್ಧ ಬಾಡಿಗೆಗೆ ಹೋಗುತ್ತಿತ್ತು. ಮಾರನೇ ದಿನದಿಂದ ಎಲೆಯನ್ನು ಕಣ್ಣಿಗೆ ಕಾಣದಷ್ಟು ಸಣ್ಣಗೆ ಹೆಚ್ಚಿ ಬೇಳೆಯಲ್ಲಿ ಕರಗಿಸತೊಡಗಿದಳು. ಮೇಲೆ ನಿಂಬೆಹಣ್ಣು. ಕಾಳು ಬೇಯಿಸಿದ ನೀರನ್ನು ಯಾರಾದರೂ ಚೆಲ್ಲಿದರೆ ಮಾತ್ರ ಅವಳಿಗೆ ಸಿಟ್ಟು ಬರುತ್ತಿತ್ತು. ವಾರಕ್ಕೊಮ್ಮೆ ಅಂಗಡಿಯವನು ಕಡಿಮೆಗೆ ಕೊಡುವ ಬಿರುಕುಬಿಟ್ಟ ಮೊಟ್ಟೆ. ಅವನು ತಿಂದ. ತಿಂದು ಮೂರು ಮಹಡಿ, ನಾಲ್ಕು ಮಹಡಿ, ಸಿಲಿಂಡರ್ ಹೊತ್ತು ಹತ್ತಿದ. ಮಾರುಕಟ್ಟೆಯ ಕಡೆ ಮಾತ್ರ ಕಾಲಿಡಲಿಲ್ಲ. ನಾಚಿಕೆ.

ಅವಳು ಹೋಗುತ್ತಲೇ ಇದ್ದಳು. ಸಂಜೆ ನಲ್ಲಿಯ ಕೆಳಗೆ ಕೂತು ಆ ಎಲೆಗಳನ್ನು ಮೂರು ನೀರಿನಲ್ಲಿ ತೊಳೆಯುತ್ತಿದ್ದಳು. ಮೊದಲ ನೀರು ಕೆಸರಿನ ಹಾಗಿರುತ್ತಿತ್ತು. "ಅವಳ ತಪ್ಪಲ್ಲ ಬಿಡು," ಎನ್ನುತ್ತಿದ್ದಳು. "ಮೇಕೆಗೆ ಅಂತ ಕೊಡೋದನ್ನ ಯಾರು ತೊಳೆದು ಕೊಡ್ತಾರೆ?"

ಮೊನ್ನೆ ಆಸ್ಪತ್ರೆಯ ಮಂಚದಲ್ಲಿ, ತಾನೇ ಎಷ್ಟೋ ಸಲ ಒಗೆದಿದ್ದ ಹೊದಿಕೆ ಹೊದ್ದುಕೊಂಡು, ಅವಳು ಅವನ ಮಣಿಕಟ್ಟು ಹಿಡಿದಳು.

"ಸೊಪ್ಪಿನಕ್ಕ ಕೇಳ್ತಾಳೆ, ಯಾಕೆ ಬರ್ತಿಲ್ಲ ಅಂತ. ನಾನು ಹೋಗ್ಬಿಟ್ರೆ, ಮೇಕೇನೂ ಸತ್ತೋಯ್ತು ಅಂತ ಹೇಳ್ಬಿಡು. ವಯಸ್ಸಾಗಿತ್ತು ಅನ್ನು."

"ಸಾಯೋ ಹೊತ್ತಲ್ಲೂ ಮೇಕೇದೇ ಚಿಂತೆನಾ ನಿನಗೆ?"

"ನಾನು ಒಂದು ದಿನಾನೂ ನನಗೆ ಅಂತ ಕೇಳಿಲ್ಲ ಕಣೋ ಅವಳ ಹತ್ರ. ಮೇಕೆಗೆ ಕೇಳಿದ್ದು. ಮೇಕೆಗೆ ಕೇಳಿದ್ರೆ ಅದು ಭಿಕ್ಷೆ ಅಲ್ಲ. ಅದನ್ನ ಹಾಳು ಮಾಡ್ಬೇಡ."

ಅವನು ಆಗಲಿ ಎಂದು ತಲೆಯಾಡಿಸಿದ್ದ.

*

"ಇದೇ ಮನೆಯೇನಪ್ಪ?"

ಕುರ್ಚಿಗಳ ನಡುವೆ ಒಬ್ಬ ಮುದುಕಿ ನಿಂತಿದ್ದಳು. ಸೊಂಟದ ಮೇಲೆ ಎಲೆಯ ಕಟ್ಟು. ಹತ್ತು ವರ್ಷ ನೋಡದಿದ್ದರೂ ಗಂಟಲಿನಿಂದಲೇ ಗುರುತು ಸಿಕ್ಕಿತು. ಸೊಪ್ಪಿನಜ್ಜಿ.

ಅವಳು ಅಳಲಿಲ್ಲ. ನೆಟ್ಟಗೆ ಅವನ ಹತ್ತಿರ ಬಂದು ತಲೆಯಿಂದ ಕಾಲಿನವರೆಗೆ ನೋಡಿದಳು. "ಐದು ದಿನ ಕಾದೆ. ಇವತ್ತು ಟೀ ಅಂಗಡಿಯವನು ಹೇಳಿದ." ಕಟ್ಟನ್ನು ಅವನ ಕೈಗಿಟ್ಟು ದನಿ ತಗ್ಗಿಸಿದಳು. "ತಗೋ. ಮೇಕೆಗೆ."

ಅವಳು ತಗ್ಗಿಸಿದರೂ ಆ ಗಂಟಲು ತಗ್ಗುವಂಥದ್ದಲ್ಲ.

"ಯಾವ ಮೇಕೆ?" ಎಂದ ದೊಡ್ಡಪ್ಪ.

"ಇವರ ಮನೇದು. ಇಪ್ಪತ್ತು ವರ್ಷದಿಂದ ನಾನೇ ಮೇಯಿಸ್ತಿರೋದು ಅಂತ ಇಟ್ಕೊಳ್ಳಿ."

"ಮೂರನೇ ಮಹಡೀಲಿ ಮೇಕೆ?"

ಯಾರೋ ಕಿಸಕ್ಕೆಂದರು. ಇನ್ನೊಬ್ಬರು ಟೀ ನೆತ್ತಿಗೇರಿ ಕೆಮ್ಮಿದರು. ಸಾವಿನ ಮನೆಯಲ್ಲಿ ನಗಬಾರದೆಂದು ತಡೆದಷ್ಟೂ ನಗು ಒಬ್ಬರಿಂದೊಬ್ಬರಿಗೆ ಹಬ್ಬಿತು. ದೊಡ್ಡಮ್ಮ ಮಾತ್ರ ನಗಲಿಲ್ಲ. ಹಸಿರು ಪುಡಿಯ ಡಬ್ಬಿಯನ್ನು ನೋಡಿದಳು, ಅವನ ಕೈಯಲ್ಲಿದ್ದ ಎಲೆಗಳನ್ನು ನೋಡಿದಳು, ಮೆಲ್ಲಗೆ ಡಬ್ಬಿಯ ಮುಚ್ಚಳ ಹಾಕಿದಳು.

"ಏನೋ ಇದು?" ದೊಡ್ಡಪ್ಪ ಎದ್ದು ನಿಂತ. "ಹೆತ್ತವಳಿಗೆ ಹಾಕೋ ಯೋಗ್ಯತೆ ಇಲ್ಲ, ಮೇಕೆ ಸಾಕಿದ್ಯಾ? ಎಲ್ಲಿ ಕಟ್ಟಿದ್ದೀಯ? ನಿಮ್ಮಮ್ಮ ಈ ಮುದುಕಿಗೆ ಏನು ಟೋಪಿ ಹಾಕಿದಾಳೆ? ಹೇಳು ಎಲ್ಲರ ಮುಂದೆ. ಎಲ್ಲಿದೆ ಮೇಕೆ?"

ಅಮ್ಮ ಹೇಳಿಕೊಟ್ಟ ಮಾತು ಗಂಟಲಿನವರೆಗೆ ಬಂತು. ವಯಸ್ಸಾಗಿತ್ತು, ಸತ್ತೋಯ್ತು. ಅಷ್ಟು ಹೇಳಿದರೆ ಮುಗಿಯಿತು. ಕಟ್ಟನ್ನು ವಾಪಸು ಕೊಟ್ಟುಬಿಡಬಹುದು. ಅದರ ಹಿಂದೆಯೇ ಇನ್ನೊಂದು ಮಾತು ನುಗ್ಗುತ್ತಿತ್ತು. ಅಂಗಿ ಕಳಚಿ ಹೆಗಲು ತೋರಿಸಿ, ಇಲ್ಲೇ ನಿಂತಿದೆ ನೋಡು ಎನ್ನುವ ಮಾತು. ಅದು ದೊಡ್ಡಪ್ಪನ ಹಲ್ಲು ಉದುರಿಸುತ್ತಿತ್ತು. ಅಮ್ಮನ ಇಪ್ಪತ್ತು ವರ್ಷವನ್ನೂ ಉದುರಿಸುತ್ತಿತ್ತು.

ಅವನು ಸೊಪ್ಪಿನಜ್ಜಿಯ ಕಡೆ ನೋಡಿದ. ಅವಳು ಅವನನ್ನು ನೋಡುತ್ತಿರಲಿಲ್ಲ. ಖಾಲಿ ಮೇಜಿನ ಕಡೆ ತಿರುಗಿ, ಒದ್ದೆ ಕೈಗಳನ್ನು ಸೀರೆಗೆ ಒರೆಸಿಕೊಳ್ಳುತ್ತಿದ್ದಳು.

ಕಟ್ಟನ್ನು ಸಿಲಿಂಡರಿನಂತೆ ಹೆಗಲಿಗೇರಿಸಿ ಅವನು ಮೆಟ್ಟಿಲಿನ ಕಡೆ ನಡೆದ.

"ಕೇಳ್ತಿರೋದು ನಿನ್ನನ್ನೇ. ಉತ್ತರ ಕೊಟ್ಟು ಹೋಗೋ."

ಮೊದಲ ಮಹಡಿ ಹತ್ತುವಾಗ ಕತ್ತಿನ ಮೇಲೆ ಏನೋ ತಣ್ಣಗೆ ಹರಿಯಿತು. ಕೆಸರಿರಬೇಕೆಂದು ಕೈಯಲ್ಲಿ ಒರೆಸಿಕೊಂಡು ನೋಡಿದ. ನೀರು. ಅಜ್ಜಿ ಕಟ್ಟಿನ ಬೇರು ಕತ್ತರಿಸಿದ್ದಳು, ಹಳದಿ ಎಲೆ ಒಂದೂ ಇರಲಿಲ್ಲ, ದಂಟಿನ ಸಂದಿನವರೆಗೆ ತೊಳೆದಿದ್ದಳು.

ಕೆಳಗೆ ದೊಡ್ಡಪ್ಪ ಇನ್ನೂ ಕೂಗುತ್ತಿದ್ದ. ಅವನು ನಿಲ್ಲಲಿಲ್ಲ. ಸುಣ್ಣ ಕೆರೆದಿದ್ದ ತಿರುವನ್ನು ದಾಟಿ ಮೇಲೆ ಹೋದ. ಅವನ ಹಿಂದೆ ಒಂದೊಂದು ಮೆಟ್ಟಿಲಿಗೂ ಒಂದೊಂದು ಹನಿ ಬೀಳುತ್ತ ಹೋಯಿತು, ತಿಳಿಯಾದ ಹನಿ, ಮೂರನೇ ಮಹಡಿಯವರೆಗೆ.