ಒಂದೂವರೆ ನಿಮಿಷ

ದಿಶಾಂತ್ ದಿನಕ್ಕೆ ನಾಲ್ಕೈದು ಕುಟುಂಬಗಳ ಜೊತೆ ಸಂಪ್ಯದವರೆಗೆ ಹೋಗಿ ಬರುತ್ತಿದ್ದ. ಪುತ್ತೂರು ಬೈಪಾಸ್ ಬದಿಯ ಕಾರು ಶೋರೂಮಿನಲ್ಲಿ ಅವನದು ಸೇಲ್ಸ್ ಕೆಲಸ. ಟೆಸ್ಟ್ ಡ್ರೈವ್ ಎಂದರೆ ಗಂಡ ಸ್ಟೇರಿಂಗ್ ಹಿಡಿಯುತ್ತಾನೆ, ಹೆಂಡತಿ ಪಕ್ಕದಲ್ಲಿ ಕೂರುತ್ತಾಳೆ. ದಿಶಾಂತ್ ಹಿಂದೆ ಮಕ್ಕಳ ನಡುವೆ ತೂರಿಕೊಂಡು ಮುಂದಿನ ಎರಡು ಸೀಟುಗಳ ಸಂದಿಯಿಂದ ಮಾತಾಡುತ್ತಾನೆ. ಟರ್ಬೊ ಎಂಜಿನ್, ಓವರ್‌ಟೇಕ್ ಮಾಡುವಾಗ ಗೊತ್ತಾಗ್ತದೆ ನೋಡಿ. ಏರಿನಲ್ಲಿ ಬ್ರೇಕ್ ಬಿಟ್ಟರೂ ಹಿಂದೆ ಜಾರುದಿಲ್ಲ. ಮಳೆಗಾಲದ ಹೊಂಡಕ್ಕೆ ಅಡಿ ತಾಗುದಿಲ್ಲ. ಆರು ಏರ್‌ಬ್ಯಾಗ್, ಐದು ಸ್ಟಾರ್. ಹದಿನೈದು ನಿಮಿಷ ಅವನು ಆ ಮನೆಯವರಲ್ಲಿ ಒಬ್ಬ. ಅವರ ತಮಾಷೆಗೆ ನಗುತ್ತಾನೆ, ಅವರ ಜಗಳದ ನಡುವೆ ಕಿಟಕಿಯಿಂದ ಹೊರಗೆ ನೋಡುತ್ತಾನೆ. ಆಮೇಲೆ ಅವರು ಇಳಿದು ಹೋಗುತ್ತಾರೆ. ಸೀಟಿನ ಬಿಸಿ ಸ್ವಲ್ಪ ಹೊತ್ತು ಇರುತ್ತದೆ.

ಅವನ ಊರು ಕಡಬದ ಹತ್ತಿರ. ಆರು ವರ್ಷದಿಂದ ದರ್ಬೆಯಲ್ಲೊಂದು ಬಾಡಿಗೆ ಕೋಣೆ. ಭಾನುವಾರ ಯಾರ ಕರೆಯೂ ಬಾರದಾಗ ಫೋನ್ ಸರಿ ಇದೆಯೇ ಎಂದು ನೋಡಲು ಅವನೇ ಅದನ್ನು ಒಮ್ಮೆ ಆಫ್ ಮಾಡಿ ಆನ್ ಮಾಡುತ್ತಿದ್ದ. ಅದರಲ್ಲಿ ನಾನೂರಕ್ಕೂ ಹೆಚ್ಚು ಡೆಲಿವರಿ ಫೋಟೊಗಳಿದ್ದವು. ಹೂಮಾಲೆ ಹಾಕಿದ ಕಾರು, ದೊಡ್ಡ ರಟ್ಟಿನ ಕೀ ಹಿಡಿದ ಕುಟುಂಬ, ಬಲತುದಿಯಲ್ಲಿ ದಿಶಾಂತ್. ಅದೇ ಫೋಟೊ ಸಂಜೆ ಅವರ ಸ್ಟೇಟಸ್‌ನಲ್ಲಿ ಬರುವಾಗ ಬಲತುದಿ ಇರುತ್ತಿರಲಿಲ್ಲ. ಅವನಿಗೆ ಬೇಸರವೇನಿಲ್ಲ. ಆದರೂ ಪ್ರತಿ ಸಲ ನೋಡುತ್ತಿದ್ದ.

ಅವನ ಮೇಜಿನ ಡ್ರಾಯರಿನಲ್ಲಿ ಒಂದು ಪ್ಲಾಸ್ಟಿಕ್ ಡಬ್ಬಿ ಇತ್ತು. ಒಳಗೆ ಸೀಟ್ ಬೆಲ್ಟಿನ ತುದಿಯಂಥದೇ ಲೋಹದ ಕ್ಲಿಪ್‌ಗಳು, ಹಿಡಿಯ ಮೇಲೆ ಶೋರೂಮಿನ ಹೆಸರು. ಬೆಲ್ಟ್ ಹಾಕದಿದ್ದರೆ ಕಾರು ಕೀಂ ಕೀಂ ಎಂದು ಹೊಡೆದುಕೊಳ್ಳುತ್ತದೆ. ಈ ಕ್ಲಿಪ್ ಸಿಕ್ಕಿಸಿದರೆ ಬೆಲ್ಟ್ ಹಾಕಿದ್ದಾರೆಂದು ನಂಬಿ ಸುಮ್ಮನಾಗುತ್ತದೆ. ಡೆಮೊ ಕಾರಿನಲ್ಲಿ ಡ್ರೈವರ್ ಸೀಟು ಬಿಟ್ಟು ಉಳಿದೆಲ್ಲ ಸೀಟುಗಳಿಗೂ ಅದನ್ನು ಮೊದಲೇ ಸಿಕ್ಕಿಸಿಟ್ಟಿರುತ್ತಿದ್ದ. ಆ ಸೌಂಡಿನ ನಡುವೆ ಹಿಂದಿನ ಸೀಟಿನವನ ಮಾತು ಯಾರಿಗೂ ಕೇಳಿಸುವುದಿಲ್ಲ. ಹೊಸ ಕಾರು ಒಯ್ಯುವವರಿಗೆ ಎರಡು ಕ್ಲಿಪ್ ಫ್ರೀ.

ಈ ತಿಂಗಳು ಡಬ್ಬಿ ಬೇಗ ಖಾಲಿಯಾಗುತ್ತಿತ್ತು, ಗಿರಾಕಿಗಳನ್ನು ಖುಷಿಪಡಿಸಲು ಕೇಳಿದಷ್ಟು ಕೊಡುತ್ತಿದ್ದ. ಕಾರು ಒಯ್ದವರಿಗೆ ಮೂರನೇ ದಿನ ಕಂಪೆನಿಯಿಂದ ಫೋನ್ ಹೋಗುತ್ತದೆ: ಹತ್ತರಲ್ಲಿ ಎಷ್ಟು ಮಾರ್ಕು ಕೊಡ್ತೀರಿ? ದಿಶಾಂತನಿಗೆ ಈಗಾಗಲೇ ಎರಡು ಸಲ ಏಳು ಬಂದಿತ್ತು. ಮ್ಯಾನೇಜರ್ ಮಹಾಬಲ ಅವನನ್ನು ಕರೆದು ಹೇಳಿದ್ದ: "ನೋಡು, ಇನ್ನೊಂದು ಸಲ ಕಡಿಮೆ ಬಂದ್ರೆ ನಿನ್ನನ್ನು ಯಾರ್ಡಿಗೆ ಹಾಕ್ತೇನೆ. ನಂಗೆ ಬೇರೆ ದಾರಿ ಇಲ್ಲ ಮಾರಾಯ, ಮೇಲಿಂದ ನನ್ನ ಕುತ್ತಿಗೆ ಹಿಡೀತಾರೆ."

ಯಾರ್ಡ್ ಎಂದರೆ ಕಬಕದ ಆಚೆ ರಬ್ಬರ್ ಗುಡ್ಡೆಯ ಪಕ್ಕದ ಬಯಲು. ಮಾರಾಟವಾಗದ ಕಾರುಗಳನ್ನು ಪ್ಲಾಸ್ಟಿಕ್ ಸುತ್ತಿ ಅಲ್ಲಿ ನಿಲ್ಲಿಸುತ್ತಾರೆ. ಅಲ್ಲಿಗೆ ಯಾವ ಕುಟುಂಬವೂ ಬರುವುದಿಲ್ಲ.

ಬುಧವಾರ ಬೆಳಿಗ್ಗೆ ಸೇವಂತಿ ಒಬ್ಬರೇ ಬಂದರು. ಐವತ್ತರ ಹತ್ತಿರದ ಹೆಂಗಸು, ಹೆಗಲಿಗೆ ಬಟ್ಟೆಯ ಚೀಲ. ಸುಳ್ಯದ ಬಸ್ಸಿನಿಂದಿಳಿದು ಬೈಪಾಸಿನಲ್ಲಿ ನಡೆದುಕೊಂಡೇ ಬಂದದ್ದು ಅವರ ಚಪ್ಪಲಿಯ ಧೂಳಿನಲ್ಲಿ ಗೊತ್ತಾಗುತ್ತಿತ್ತು. ದಿಶಾಂತನಿಗೆ ಮುಖದ ಗುರುತು ಹತ್ತಿತು, ಹೆಸರು ನೆನಪಾಗಲಿಲ್ಲ.

"ಬನ್ನಿ ಮೇಡಂ. ಯಾವ ಗಾಡಿ ನೋಡುದು?"

"ನಮ್ಮದೇ ಗಾಡಿ. ಬೂದು ಬಣ್ಣದ್ದು. ಮೂರು ವರ್ಷದ ಹಿಂದೆ ನೀವೇ ಕೊಟ್ಟದ್ದು, ಐವರ್ನಾಡಿಗೆ."

ಈಗ ನೆನಪಾಯಿತು. ಕುಶಾಲಪ್ಪ, ಎತ್ತರದ ಆಸಾಮಿ. ಡೆಲಿವರಿಯ ದಿನ ಶೋರೂಮಿನ ಗೇಟು ದಾಟಿ ರಸ್ತೆಗಿಳಿಯುತ್ತಲೇ ಕಾರು ಕೀಂ ಕೀಂ ಶುರು ಮಾಡಿದಾಗ ಕಿಟಕಿಯಿಂದ ತಲೆ ಹೊರಗೆ ಹಾಕಿ ಕೂಗಿದ್ದರು: "ಎಂತದು ಮಾರಾಯ್ರೆ ಇದು? ನಂಗೆ ಮನೆಯಲ್ಲಿ ಒಬ್ಬಳು ಕೂಗುದೇ ಸಾಕು!" ಅಲ್ಲಿದ್ದವರೆಲ್ಲ ನಕ್ಕಿದ್ದರು. ದಿಶಾಂತ್ ಓಡಿ ಹೋಗಿ ಕ್ಲಿಪ್ ಸಿಕ್ಕಿಸಿದ್ದ.

"ಅಣ್ಣ ಹೇಗಿದ್ದಾರೆ?" ಎಂದು ಕೇಳಿದ.

"ಅವರಿಲ್ಲ. ಮೇ ತಿಂಗಳಲ್ಲಿ ಹೋದ್ರು. ಅದೇ ಕಾರಲ್ಲಿ."

ದಿಶಾಂತ್ ಕುರ್ಚಿ ಎಳೆದುಕೊಟ್ಟ. ಕುಡಿಯಲು ನೀರು ತಂದುಕೊಟ್ಟ. ಅವರು ಅರ್ಧ ಕುಡಿದು ಗ್ಲಾಸು ಕೆಳಗಿಟ್ಟರು.

"ಅದೇ ಮಾಡೆಲ್ ಒಂದು ಸಲ ಓಡಿಸಿ ತೋರಿಸ್ತೀರಾ? ನಾನು ಎಡಗಡೆ ಕೂತ್ಕೊಳ್ತೇನೆ."

ಡೆಮೊ ಕಾರಿನ ಎಡ ಸೀಟಿನಲ್ಲಿ ಕೂತ ಸೇವಂತಿ ಮೊದಲು ಪಕ್ಕಕ್ಕೆ ಕೈ ಹಾಕಿ ನೋಡಿದರು. ಕ್ಲಿಪ್ ಇತ್ತು. ಅವರು ಚೀಲದಿಂದ ಒಂದು ಪೊಟ್ಟಣ ತೆಗೆದು ಬಿಚ್ಚಿದರು. ಅದರೊಳಗೆ ಅಂಥದೇ ಇನ್ನೊಂದು, ಅದೇ ಹೆಸರು, ಒಂದು ಬದಿ ತುಸು ಸವೆದಿತ್ತು.

"ಇದು ನಿಮ್ಮದು. ವಾಪಸು ಕೊಡುವಾ ಅಂತ ತಂದೆ."

ದಿಶಾಂತ್ ಕೈ ಮುಂದೆ ಮಾಡಲಿಲ್ಲ. ಅವರು ಅದನ್ನು ಗೇರಿನ ಪಕ್ಕದ ಗುಳಿಯಲ್ಲಿಟ್ಟರು.

"ನಿಮ್ಮ ಹತ್ರ ಜಗಳಕ್ಕೆ ಬಂದದ್ದಲ್ಲ, ಹೆದರ್ಬೇಡಿ. ಅದನ್ನು ಕೇಳಿದ್ದು ಅವರೇ. ಬೇಡ ಹೇಳದೆ ಕೂತದ್ದು ನಾನು." ಚೀಲದ ಬಾಯಿ ಮುಚ್ಚಿದರು. "ಓಡಿಸ್ತಾ ಇದ್ದದ್ದೂ ನಾನೇ."

ನಲವತ್ತೈದು ದಾಟಿದ ಮೇಲೆ ಹೆಂಡತಿಗೆ ಡ್ರೈವಿಂಗ್ ಕಲಿಸಿದ್ದು ಕುಶಾಲಪ್ಪನವರೇ. ಕಲಿತ ಮೇಲೆ ಎಲ್ಲಿಗೆ ಹೋಗುವುದಿದ್ದರೂ ಸೇವಂತಿಯ ಕೈಗೆ ಕೀ ಕೊಟ್ಟು ತಾವು ಎಡಗಡೆ ಕೂರುತ್ತಿದ್ದರು. ಊರಿನವರು ನೋಡಲಿ ಎಂದು ಕಿಟಕಿ ಇಳಿಸುತ್ತಿದ್ದರು.

"ನಾನು ಬೆಲ್ಟ್ ಹಾಕ್ತಿದ್ದೆ. ನೀವೂ ಹಾಕಿ ಅಂತ ಒಂದೆರಡು ಸಲ ಹೇಳಿದ್ದೆ. ಅದಕ್ಕೆ ಅವರು ಎಂತ ಹೇಳಿದ್ದು ಗೊತ್ತುಂಟಾ? ನಾನು ಬೆಲ್ಟ್ ಹಾಕಿ ಕೂತ್ರೆ ಜನ ಎಂತ ಹೇಳುದು, ಹೆಂಡತಿಯ ಡ್ರೈವಿಂಗಿಗೆ ಹೆದರಿದ ಕುಶಾಲಪ್ಪ ಅಂತ ಹೇಳ್ಲಿಕ್ಕಿಲ್ವಾ? ನಂಗೆ ನಿನ್ನ ಮೇಲೆ ನಂಬಿಕೆ ಉಂಟು, ಬೆಲ್ಟ್ ಬೇಡ. ಹೀಗೆ ಹೇಳಿದ್ರು." ಸೇವಂತಿ ಕಿಟಕಿಯ ಕಡೆ ತಿರುಗಿದರು. "ನಂಗೆ ಅದು ಕೇಳ್ಲಿಕ್ಕೆ ಖುಷಿಯಾಗ್ತಿತ್ತು. ಅದಕ್ಕೇ ಮತ್ತೆ ಹೇಳ್ಲಿಲ್ಲ."

ಆ ದಿನ ದನ ಅಡ್ಡ ಬಂದಿತ್ತು. ಸ್ಪೀಡು ನಲವತ್ತರ ಮೇಲಿರಲಿಲ್ಲ. ತಪ್ಪಿಸಲು ಹೋಗಿ ಕಾರು ಮರಕ್ಕೆ ತಾಗಿತು. ಏರ್‌ಬ್ಯಾಗ್‌ಗಳೂ ಬಿಚ್ಚಿದವು. ಸೇವಂತಿಯ ಹೆಗಲ ಮೇಲೆ ಬೆಲ್ಟಿನ ಅಗಲಕ್ಕೆ ಒಂದು ನೀಲಿ ಪಟ್ಟಿ, ಹದಿನೈದು ದಿನದಲ್ಲಿ ಮಾಸಿ ಹೋಯಿತು.

"ಆರು ಏರ್‌ಬ್ಯಾಗ್ ಅಂತ ನೀವು ಹೇಳಿದ್ರಿ."

"ಹೇಳಿದ್ದೆ."

"ಬೆಲ್ಟ್ ಇಲ್ಲದೆ ಅದರಿಂದ ಪ್ರಯೋಜನ ಇಲ್ಲ ಅಂತ ಡಾಕ್ಟ್ರು ಹೇಳಿದ್ರು. ಮೈ ಮೊದಲೇ ಮುಂದೆ ಹೋಗಿರ್ತದಂತೆ, ಅದು ಎದುರಿನಿಂದ ಹೊಡೀತದಂತೆ. ಅದು ನಿಮಗೆ ಗೊತ್ತಿತ್ತಾ?"

ಗೊತ್ತಿತ್ತು. ಟ್ರೇನಿಂಗಿನ ಎರಡನೇ ದಿನ ವಿಡಿಯೊ ತೋರಿಸಿದ್ದರು. "ಗೊತ್ತಿತ್ತು ಅಕ್ಕ," ಎಂದ.

ಸೇವಂತಿ ತಲೆಯಾಡಿಸಿದರು. ಅವರಿಗೆ ಬೇಕಾಗಿದ್ದುದು ಆ ಉತ್ತರವಾಗಿರಲಿಲ್ಲವೇನೋ.

"ಈ ಕ್ಲಿಪ್ ತೆಗೀರಿ. ನಂಗೆ ಆ ಸೌಂಡ್ ಕೇಳ್ಬೇಕು. ಮೂರು ವರ್ಷ ಆ ಕಾರಲ್ಲಿ ತಿರುಗಿದ್ದೇವೆ, ಒಂದು ಸಲವೂ ಪೂರ್ತಿ ಕೇಳ್ಲಿಲ್ಲ. ಎಷ್ಟು ಹೊತ್ತು ಹೊಡೀತದೆ ಅದು?"

"ಅಕ್ಕ, ಬೆಲ್ಟ್ ಹಾಕದೆ..."

"ನೀವು ನಿಧಾನ ಬಿಡಿ."

ಮುಕ್ರಂಪಾಡಿ ದಾಟಿದ ಮೇಲೆ ರಸ್ತೆ ಖಾಲಿಯಿತ್ತು. ದಿಶಾಂತ್ ಕ್ಲಿಪ್ ತೆಗೆದು, ಇಂಡಿಕೇಟರ್ ಹಾಕಿ ಬದಿ ಹಿಡಿದು ಓಡಿಸಿದ. ಸ್ವಲ್ಪ ವೇಗ ಬರುತ್ತಲೇ ಸೌಂಡ್ ಶುರುವಾಯಿತು. ಮೊದಲು ಬಿಡಿಬಿಡಿಯಾಗಿ, ಆಮೇಲೆ ಒಂದರ ಬೆನ್ನಿಗೆ ಒಂದು. ಆರು ವರ್ಷದಲ್ಲಿ ಅವನೂ ಅದನ್ನು ಪೂರ್ತಿ ಕೇಳಿರಲಿಲ್ಲ. ಬರೀ ಒಂದು ಯಂತ್ರ, ಒಂದೇ ಮಾತನ್ನು ಹೇಳುತ್ತಿತ್ತು. ಅದಕ್ಕೆ ಮರ್ಯಾದೆಯ ಪ್ರಶ್ನೆ ಇರಲಿಲ್ಲ. ಸೇವಂತಿ ಎರಡೂ ಕೈಗಳನ್ನು ಮಡಿಲಲ್ಲಿಟ್ಟು, ಯಾರೋ ಹಿರಿಯರು ಬಯ್ಯುವಾಗ ಕೂರುವಂತೆ ಕೂತಿದ್ದರು. ಹಿಂದಿನಿಂದ ಬಂದ ರಿಕ್ಷಾದವನು ಹಾರ್ನ್ ಹೊಡೆದು ಮುಂದೆ ಹೋದ.

ಆಮೇಲೆ ಸೌಂಡ್ ತಾನಾಗಿ ನಿಂತಿತು.

"ಎಂತ ಆಯ್ತು?"

"ಅಷ್ಟೇ. ಒಂದೂವರೆ ನಿಮಿಷ ಆದ ಮೇಲೆ ನಿಲ್ತದೆ."

"ಇಷ್ಟೇಯಾ?"

ಸಂಪ್ಯದಲ್ಲಿ ಕಾರು ತಿರುಗಿಸುವಾಗ ಸೇವಂತಿ ಬೆಲ್ಟ್ ಎಳೆದು ಹಾಕಿಕೊಂಡರು. "ಇಷ್ಟು ಹೊತ್ತು ತಡ್ಕೊಳ್ಲಿಕ್ಕೆ ಆಗ್ಲಿಲ್ಲ ನಮಗೆ," ಎಂದರು. ಅವನಿಗೆ ಹೇಳಿದ್ದಲ್ಲ.

ಬಸ್‌ಸ್ಟಾಪಿನವರೆಗೆ ಬಿಡುತ್ತೇನೆ ಎಂದ. ಬೇಡ ಎಂದು ನಡೆದರು. ಸವೆದ ಕ್ಲಿಪ್ ಗೇರಿನ ಪಕ್ಕದಲ್ಲೇ ಉಳಿದಿತ್ತು, ದಿಶಾಂತ್ ಅದನ್ನು ಜೇಬಿಗೆ ಹಾಕಿಕೊಂಡ.

ಮಧ್ಯಾಹ್ನ ಎರಡೂವರೆಗೆ ಉಪ್ಪಿನಂಗಡಿಯ ಯೂಸುಫನ ಡೆಲಿವರಿ ಇತ್ತು. ಹಾರ್ಡ್‌ವೇರ್ ಅಂಗಡಿಯವನು, ಮಾತುಗಾರ. ತಾಯಿ ಅಲೀಮಮ್ಮನನ್ನು ಕರೆದುಕೊಂಡು ಬಂದಿದ್ದ. ಫೋಟೊ ಆಯಿತು, ರಟ್ಟಿನ ಕೀ ಆಯಿತು, ಸಿಹಿ ಹಂಚಿದ್ದಾಯಿತು. ಅಲೀಮಮ್ಮ ಹಿಂದಿನ ಸೀಟಿನಲ್ಲಿ ಕೂತು ಪ್ಲಾಸ್ಟಿಕ್ ಕವರನ್ನು ತೆಗೆಯಲು ಬಿಡುವುದಿಲ್ಲವೆಂದು ಹಟ ಹಿಡಿದರು. ಯೂಸುಫ್ ಕಾರಿನ ಜೊತೆ ಫ್ರೀ ಕೊಟ್ಟ ಸಾಮಾನಿನ ಕಿಟ್ ಬಿಚ್ಚಿ ಒಂದೊಂದೇ ಎಣಿಸಿ ನೋಡಿದ.

"ಕ್ಲಿಪ್ ಎಲ್ಲಿ ಮಾರಾಯ? ನನ್ನ ಭಾವನಿಗೆ ಎರಡು ಕೊಟ್ಟಿದ್ದಿ."

"ಕೊಡುದಿಲ್ಲ ಯೂಸುಫಾಕ."

"ಎಂತ, ಸ್ಟಾಕ್ ಇಲ್ವಾ?"

"ಉಂಟು. ಕೊಡುದಿಲ್ಲ."

ಯೂಸುಫ್ ನಕ್ಕ, ಆಮೇಲೆ ನಗು ನಿಲ್ಲಿಸಿದ. "ನಾನು ದಿನಕ್ಕೆ ಇಪ್ಪತ್ತು ಸಲ ಗಾಡಿ ಹತ್ತಿ ಇಳಿಯುವವ. ಗೋಡೌನಿನಿಂದ ಅಂಗಡಿಗೆ ಅರ್ಧ ಕಿಲೋಮೀಟರು. ಪಕ್ಕದ ಸೀಟಲ್ಲಿ ಒಂದು ಮೊಳೆಯ ಪೆಟ್ಟಿಗೆ ಇಟ್ರೂ ಕೂಗ್ತದೆ ಇದು. ಮೊಳೆಗೂ ಬೆಲ್ಟ್ ಹಾಕ್ಬೇಕಾ?"

"ಪೆಟ್ಟಿಗೆ ಡಿಕ್ಕಿಯಲ್ಲಿಡಿ."

"ನೀನು ನಂಗೆ ಕಲಿಸುದು ಬೇಡ. ಮೂರನೇ ದಿನ ಫೋನ್ ಬರ್ತದಲ್ಲ, ಆಗ ನಾನೆಂತ ಹೇಳುದು? ಇವ ಒಳ್ಳೆ ಪಾಠ ಮಾಡ್ತಾನೆ ಅಂತಲಾ?"

ಗಾಜಿನ ಕೋಣೆಯೊಳಗಿಂದ ಮಹಾಬಲ ಎದ್ದು ಬರುತ್ತಿದ್ದುದು ಕಾಣಿಸಿತು. ದಿಶಾಂತನಿಗೆ ಯಾರ್ಡಿನ ಬಯಲು, ಸಾಲು ಸಾಲು ಪ್ಲಾಸ್ಟಿಕ್ಕು ಕಣ್ಣ ಮುಂದೆ ಬಂತು. ಅವನು ಜೇಬಿನಿಂದ ಸವೆದ ಕ್ಲಿಪ್ಪನ್ನು ತೆಗೆದು ಅಂಗೈಯಲ್ಲಿಟ್ಟು ತೋರಿಸಿದ.

"ಇದೊಂದು ಉಂಟು. ಐವರ್ನಾಡಿನವರಿಗೆ ಕೊಟ್ಟಿದ್ದೆ. ಇವತ್ತು ಬೆಳಿಗ್ಗೆ ಆ ಅಕ್ಕ ವಾಪಸು ತಂದುಕೊಟ್ರು. ಎಡಗಡೆ ಕೂರ್ತಿದ್ದ ಅಣ್ಣ ಈಗ ಇಲ್ಲ."

ಯೂಸುಫ್ ಆ ಲೋಹದ ತುಂಡನ್ನು ನೋಡಿದ, ಮುಟ್ಟಲಿಲ್ಲ. ಮಹಾಬಲ ಹತ್ತಿರ ಬಂದು ನಗುನಗುತ್ತ, "ಎಂತ ಸಾಹೇಬ್ರೆ, ಕ್ಲಿಪ್ಪಾ? ಈಗ ತರಿಸುವಾ," ಎಂದ. ದಿಶಾಂತನ ಕಡೆ ತಿರುಗಿದಾಗ ಸ್ವರ ತಗ್ಗಿತು. "ನಾವು ಕೊಡದಿದ್ರೆ ಪೇಟೆಯಲ್ಲಿ ಹತ್ತು ಅಂಗಡಿ ಉಂಟು ಮಾರಾಯ. ನೀನೊಬ್ಬ ಕೊಡದಿದ್ರೆ ಎಂತ ನಿಲ್ತದೆ?"

"ಗೊತ್ತಿಲ್ಲ ಸರ್. ನನ್ನ ಕೈಯಿಂದ ಬೇಡ."

ಹಿಂದಿನ ಸೀಟಿನಿಂದ ಅಲೀಮಮ್ಮ ಮಗನನ್ನು ಕರೆದು, "ಮೋನೇ, ಈ ಪಟ್ಟಿ ಹಾಕುದು ಹೇಗೆ?" ಎಂದು ಕೇಳಿದರು. ಯಾರೂ ಕದಲಲಿಲ್ಲ. ದಿಶಾಂತ್ ಬಗ್ಗಿ ಬೆಲ್ಟ್ ಎಳೆದು ಅವರ ಸೊಂಟದ ಬಳಿ ಟಕ್ ಎನಿಸಿದ. ಅವರು ಎರಡು ಸಲ ತಾವೇ ಬಿಚ್ಚಿ ಹಾಕಿ ನೋಡಿದರು. "ಗಟ್ಟಿ ಉಂಟು," ಎಂದರು. ಯೂಸುಫ್ ಕಾರು ಹತ್ತಿ ಹೋದ. ಗೇಟು ದಾಟಿ ರಸ್ತೆಗಿಳಿಯುತ್ತಲೇ ಸೌಂಡ್ ಕೇಳಿಸಿತು, ಆಮೇಲೆ ಕೇಳಿಸಲಿಲ್ಲ. ಅವನು ಬೆಲ್ಟ್ ಹಾಕಿದನೋ, ದೂರ ಹೋದನೋ ದಿಶಾಂತನಿಗೆ ತಿಳಿಯಲಿಲ್ಲ.

ಮೂರನೇ ದಿನ ಆರು ಮಾರ್ಕು ಬಂತು. ಮುಂದಿನ ಸೋಮವಾರದಿಂದ ದಿಶಾಂತ್ ಯಾರ್ಡಿನಲ್ಲಿದ್ದ. ಮಹಾಬಲ ಕೆಟ್ಟವನಲ್ಲ, ತಾನೇ ಬೈಕಿನಲ್ಲಿ ಬಿಟ್ಟು, "ನಾಲ್ಕು ತಿಂಗಳು ತಡ್ಕೋ," ಎಂದು ಹೋದ.

ಒಂದು ಸಂಜೆ ಯೂಸುಫನ ಫೋನ್ ಬಂತು. "ಎಂತ ಮಾಡಿಟ್ಟಿ ಮಾರಾಯ ನೀನು? ಉಮ್ಮ ಎಲ್ಲರೂ ಬೆಲ್ಟ್ ಹಾಕುವವರೆಗೆ ಗಾಡಿ ಬಿಡ್ಲಿಕ್ಕೆ ಬಿಡುದಿಲ್ಲ. ಹಬ್ಬಕ್ಕೆ ಬಂದ ನೆಂಟರನ್ನೆಲ್ಲ ಕಟ್ಟಿ ಹಾಕಿದ್ರು." ಬಯ್ಯುತ್ತಿದ್ದಾನೋ ನಗುತ್ತಿದ್ದಾನೋ ಗೊತ್ತಾಗುವ ಮೊದಲೇ, "ಅಂಗಡಿಗೆ ಗಿರಾಕಿ ಬಂದ್ರು, ಇಡ್ತೇನೆ," ಎಂದ. ದಿಶಾಂತ್ ಫೋನನ್ನು ಸ್ವಲ್ಪ ಹೊತ್ತು ಕಿವಿಗೇ ಹಿಡಿದಿದ್ದ.

ಯಾರ್ಡಿನಲ್ಲಿ ಕೆಲಸ ಹೆಚ್ಚಿಲ್ಲ. ಬ್ಯಾಟರಿ ಸಾಯದಂತೆ ವಾರಕ್ಕೊಮ್ಮೆ ಪ್ರತಿ ಕಾರನ್ನೂ ಸ್ಟಾರ್ಟ್ ಮಾಡಿ ಹತ್ತು ಮೀಟರ್ ಮುಂದೆ, ಹತ್ತು ಮೀಟರ್ ಹಿಂದೆ ಓಡಿಸಬೇಕು. ಎಡಗಡೆ ಯಾರೂ ಇಲ್ಲ, ಹಿಂದೆ ಯಾರೂ ಇಲ್ಲ. ಅಷ್ಟು ನಿಧಾನಕ್ಕೆ ಸೌಂಡೂ ಬರುವುದಿಲ್ಲ, ಕೆಂಪು ದೀಪ ಮಾತ್ರ ಉರಿಯುತ್ತದೆ. ಮೊದಲ ಸಾಲಿನ ಬೂದು ಕಾರಿನಲ್ಲಿ ದಿಶಾಂತ್ ಕೂತು ಬಾಗಿಲು ಹಾಕಿದ. ಬೆಲ್ಟ್ ಎಳೆದು ಹಾಕಿದ, ದೀಪ ಆರುವವರೆಗೆ ಕಾದ, ಆಮೇಲೆ ಹತ್ತು ಮೀಟರ್ ಮುಂದೆ ಹೋದ.